ಸಂಶೋಧನೆಯನ್ನು ತೂಗಲು ಯಾವ ಸಂಖ್ಯೆ? ಇಂಪ್ಯಾಕ್ಟ್ ಫ್ಯಾಕ್ಟರ್, ಎಚ್-ಇಂಡೆಕ್ಸ್ ಮತ್ತು ಓದು

ಸಹಾಯಕ ಪ್ರಾಧ್ಯಾಪಕರ ಹುದ್ದೆಗೆ ಅರ್ಜಿ ನಮೂನೆ ಸಿದ್ಧವಾಗುವಾಗ ವಿಭಾಗದಲ್ಲಿ ಒಂದು ಚರ್ಚೆ ಏಳುವುದು ಖಚಿತ. ಅಭ್ಯರ್ಥಿಯಿಂದ ಏನನ್ನು ಕೇಳಬೇಕು? ಪ್ರಬಂಧಗಳ ಸಂಖ್ಯೆಯನ್ನೇ, ಅವು ಅಚ್ಚಾದ ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರನ್ನೇ (ಅದರ ಪ್ರಬಂಧವೊಂದಕ್ಕೆ ಸರಾಸರಿ ಬರುವ ಉಲ್ಲೇಖಗಳು), ವ್ಯಕ್ತಿಯ ಪ್ರಬಂಧ ಮತ್ತು ಉಲ್ಲೇಖ ಎರಡನ್ನೂ ಸೇರಿಸಿ ಅಳೆಯುವ ಎಚ್-ಇಂಡೆಕ್ಸನ್ನೇ, ಒಟ್ಟು ಸೈಟೇಷನ್ನುಗಳನ್ನೇ, ಅಂದರೆ ಇತರರು ಮಾಡಿದ ಉಲ್ಲೇಖಗಳನ್ನೇ? ಸಾಮಾನ್ಯವಾಗಿ ನಾಲ್ಕನ್ನೂ ಕೇಳಿಬಿಡುವ ಮೂಲಕ ಚರ್ಚೆ ಮುಗಿಯುತ್ತದೆ. ಸಂದರ್ಶನದ ದಿನ ಸಮಿತಿಯ ಮುಂದೆ ನಾಲ್ಕು ಕಾಲಂಗಳ ಹಾಳೆ ಬರುತ್ತದೆ. ಒಂದು ಕಾಲಂನಲ್ಲಿ ಮೇಲಿರುವವರು ಇನ್ನೊಂದರಲ್ಲಿ ಕೆಳಗಿರುತ್ತಾರೆ. ಯಾರಿಗೆ ಯಾರು ಬೇಕೋ ಅವರನ್ನು ಮೇಲೆ ತೋರಿಸುವ ಕಾಲಂ ಆ ಹೊತ್ತಿಗೆ ಮುಖ್ಯವಾಗಿಬಿಡುತ್ತದೆ.

ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕುಳಿತು ಇಂಥ ಹಾಳೆಗಳಿಗೆ ಸಂಖ್ಯೆ ತೆಗೆದುಕೊಡುವ ಕೆಲಸ ನನ್ನದು. ಈ ಅಳತೆಗಳಲ್ಲಿ ಒಂದು ಜರ್ನಲ್ಲನ್ನು ಅಳೆಯಲು ಹುಟ್ಟಿದ್ದು, ಇನ್ನೊಂದು ವ್ಯಕ್ತಿಯನ್ನು, ಮತ್ತೊಂದು ಸಂಸ್ಥೆಯನ್ನು. ಆದ್ದರಿಂದ ಯಾವುದು ಒಳ್ಳೆಯ ಅಳತೆ ಎಂದು ಕೇಳುವ ಮೊದಲು ಏನನ್ನು ತೀರ್ಮಾನಿಸಬೇಕಾಗಿದೆ ಎಂದು ಕೇಳಿಕೊಳ್ಳಬೇಕು. ಅವಸರದಲ್ಲಿರುವವರಿಗೆ ನನ್ನ ಒಲವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಜರ್ನಲ್ ತರಿಸುವುದಕ್ಕೆ ಅಥವಾ ಪ್ರಬಂಧ ಎಲ್ಲಿಗೆ ಕಳುಹಿಸಬೇಕೆಂದು ನಿರ್ಧರಿಸುವುದಕ್ಕೆ ಇಂಪ್ಯಾಕ್ಟ್ ಫ್ಯಾಕ್ಟರ್ ಮತ್ತು ಅದರ ಬಳಗ ಸಾಕು. ವಿಭಾಗವನ್ನೋ ಸಂಸ್ಥೆಯನ್ನೋ ನೋಡುವಾಗ ವಿಷಯಕ್ಕೆ ತಕ್ಕಂತೆ ಸರಿಹೊಂದಿಸಿದ ಅಳತೆಗಳು ಬೇಕು. ಒಬ್ಬ ವ್ಯಕ್ತಿಯನ್ನು ಆರಿಸುವಾಗ ಅವರು ಬರೆದದ್ದನ್ನು ಓದಬೇಕು. ಸಂಖ್ಯೆಗಳನ್ನು ಆಮೇಲೆ ತೆರೆಯಬೇಕು. ಕನ್ನಡ, ಇತಿಹಾಸ, ಜಾನಪದ ವಿಭಾಗಗಳಲ್ಲಿ ಈ ಸಂಖ್ಯೆಗಳಿಗೆ ಹೇಳಲು ಬಹುತೇಕ ಏನೂ ಇರುವುದಿಲ್ಲ.

ಜರ್ನಲ್‌ನ ಅಳತೆಗಳು

ಇಂಪ್ಯಾಕ್ಟ್ ಫ್ಯಾಕ್ಟರ್‌ನ ಬೇರು ಇರುವುದು ಗ್ರಂಥಾಲಯದಲ್ಲಿ. 1927ರಲ್ಲಿ ಗ್ರಾಸ್ ಮತ್ತು ಗ್ರಾಸ್ ಎಂಬ ಇಬ್ಬರು ಅಮೆರಿಕದ ಸಣ್ಣ ಕಾಲೇಜೊಂದರ ಗ್ರಂಥಾಲಯ ಯಾವ ರಸಾಯನಶಾಸ್ತ್ರದ ನಿಯತಕಾಲಿಕೆಗಳನ್ನು ತರಿಸಬೇಕು ಎಂದು ತಿಳಿಯಲು, ಅಮೆರಿಕನ್ ಕೆಮಿಕಲ್ ಸೊಸೈಟಿಯ ಜರ್ನಲ್‌ನ ಒಂದು ವರ್ಷದ ಸಂಚಿಕೆಗಳಲ್ಲಿದ್ದ ಉಲ್ಲೇಖಗಳನ್ನು ಎಣಿಸಿದರು. 1955ರಲ್ಲಿ ಯೂಜೀನ್ ಗಾರ್‌ಫೀಲ್ಡ್ ವಿಜ್ಞಾನಕ್ಕೊಂದು ಉಲ್ಲೇಖ ಸೂಚಿ ಇರಬೇಕೆಂಬ ಕಲ್ಪನೆಯನ್ನು ಮುಂದಿಟ್ಟರು. 1960ರ ದಶಕದಲ್ಲಿ ಫಿಲಡೆಲ್ಫಿಯಾದ ಅವರ ಸಂಸ್ಥೆ ಅದನ್ನು ಹೊರತಂದಿತು. 1975ರಿಂದ ಜರ್ನಲ್‌ಗಳ ಇಂಪ್ಯಾಕ್ಟ್ ಫ್ಯಾಕ್ಟರ್ ವರ್ಷವರ್ಷವೂ ಪ್ರಕಟವಾಗುತ್ತಿದೆ. ಈಗ ಅದು ಕ್ಲಾರಿವೇಟ್ ಕಂಪನಿಯ ಸ್ವತ್ತು. (ಉಲ್ಲೇಖ ಎಣಿಸುವ ವಿದ್ಯೆ ಪೂರಾ ಹೊರಗಿನಿಂದ ಬಂದದ್ದೆಂದು ತಿಳಿಯಬೇಕಾಗಿಲ್ಲ. ಗ್ರಂಥಾಲಯದ ಕೆಲಸಕ್ಕೆ ಸಂಖ್ಯಾಶಾಸ್ತ್ರ ಬಳಸುವುದನ್ನು 1948ರಲ್ಲಿಯೇ 'ಲೈಬ್ರಮೆಟ್ರಿ' ಎಂದು ಕರೆದವರು ಎಸ್. ಆರ್. ರಂಗನಾಥನ್. ಅವರು 1962ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ದಾಖಲೀಕರಣ ಸಂಶೋಧನಾ ಮತ್ತು ತರಬೇತಿ ಕೇಂದ್ರ ಇಂದಿಗೂ ನಡೆಯುತ್ತಿದೆ.)

ಲೆಕ್ಕ ಸರಳ. ಒಂದು ಜರ್ನಲ್ 2022ರಲ್ಲಿ 120, 2023ರಲ್ಲಿ 80 ಪ್ರಬಂಧಗಳನ್ನು ಅಚ್ಚು ಮಾಡಿದೆ ಎಂದುಕೊಳ್ಳಿ. ಆ ಎರಡು ವರ್ಷಗಳ ಬರಹಗಳನ್ನು 2024ರಲ್ಲಿ ಬಂದ ಪ್ರಬಂಧಗಳು 500 ಸಲ ಉಲ್ಲೇಖಿಸಿದರೆ, 500ನ್ನು 200ರಿಂದ ಭಾಗಿಸಿ 2.5 ಎಂದು ಬರೆಯುತ್ತಾರೆ. ಇದರಲ್ಲಿ ಒಂದು ಸಣ್ಣ ಜಾಣತನಕ್ಕೆ ಜಾಗವಿದೆ. ಮೇಲಿನ ಅಂಕಿಯಲ್ಲಿ ಸಂಪಾದಕೀಯ, ಪತ್ರ, ಟಿಪ್ಪಣಿಗಳಿಗೆ ಬಂದ ಉಲ್ಲೇಖಗಳೂ ಸೇರುತ್ತವೆ. ಕೆಳಗಿನ ಅಂಕಿಯಲ್ಲಿ ಸಂಶೋಧನಾ ಪ್ರಬಂಧಗಳನ್ನೂ ವಿಮರ್ಶಾ ಪ್ರಬಂಧಗಳನ್ನೂ ಮಾತ್ರ ಎಣಿಸುತ್ತಾರೆ. ಸಂಪಾದಕೀಯದಂಥ ಬರಹಗಳನ್ನು ಹೆಚ್ಚಾಗಿ ಅಚ್ಚು ಮಾಡುವ ಜರ್ನಲ್‌ಗೆ ಇದು ಪುಕ್ಕಟೆ ಲಾಭ.

ಇದಕ್ಕಿಂತ ದೊಡ್ಡ ತೊಡಕು ಸರಾಸರಿಯದು. 2008ರಲ್ಲಿ ಆಕ್ಟಾ ಕ್ರಿಸ್ಟಲೋಗ್ರಾಫಿಕಾದ ಎ ವಿಭಾಗದ ಇಂಪ್ಯಾಕ್ಟ್ ಫ್ಯಾಕ್ಟರ್ ಸುಮಾರು 2 ಇತ್ತು. ಮರುವರ್ಷ ಅದು 49ನ್ನು ದಾಟಿತು. ಕಾರಣ ಒಂದೇ ಪ್ರಬಂಧ. ಹರಳುಗಳ ರಚನೆಯನ್ನು ಬಿಡಿಸುವ ಶೆಲ್ಎಕ್ಸ್ ಎಂಬ ತಂತ್ರಾಂಶದ ಬಗ್ಗೆ ಜಾರ್ಜ್ ಶೆಲ್ಡ್ರಿಕ್ ಬರೆದ ಆ ಪ್ರಬಂಧವನ್ನು, ತಂತ್ರಾಂಶ ಬಳಸಿದವರೆಲ್ಲ ಉಲ್ಲೇಖಿಸಿದರು. ಆ ವರ್ಷ ಅದೇ ಜರ್ನಲ್‌ನಲ್ಲಿ ಬರೆದ ಉಳಿದವರ ಪ್ರಬಂಧಗಳು ರಾತ್ರೋರಾತ್ರಿ ಇಪ್ಪತ್ತೈದು ಪಟ್ಟು ಮೇಲಾದವೇ? ಇದು ಅಪರೂಪದ ಉದಾಹರಣೆ ಎನ್ನಬಹುದು. ಆದರೆ ನೇಚರ್ ಪತ್ರಿಕೆಯೇ 2005ರಲ್ಲಿ ತನ್ನ ಸಂಪಾದಕೀಯದಲ್ಲಿ, ತನ್ನ ಇಂಪ್ಯಾಕ್ಟ್ ಫ್ಯಾಕ್ಟರ್‌ಗೆ ಕಾರಣವಾದ ಉಲ್ಲೇಖಗಳಲ್ಲಿ ಶೇ 89ರಷ್ಟು ಬಂದದ್ದು ಶೇ 25ರಷ್ಟು ಪ್ರಬಂಧಗಳಿಂದ ಎಂದು ಬರೆದುಕೊಂಡಿತ್ತು. ಜರ್ನಲ್‌ನ ಸರಾಸರಿಯನ್ನು ಅದರಲ್ಲಿನ ಒಂದು ಪ್ರಬಂಧದ ಬೆಲೆ ಎಂದು ಓದುವುದು ಬಟ್ಟೆಯನ್ನು ಸೇರಿನಲ್ಲಿ ಅಳೆದ ಹಾಗೆ.

ವಿಷಯದಿಂದ ವಿಷಯಕ್ಕೂ ಅಂತರ ವಿಪರೀತ. ಅಮೆರಿಕನ್ ಕ್ಯಾನ್ಸರ್ ಸೊಸೈಟಿಯ ವೈದ್ಯಕೀಯ ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ ಇತ್ತೀಚಿನ ವರ್ಷಗಳಲ್ಲಿ 200ಕ್ಕಿಂತ ಮೇಲೆಯೇ ಇದ್ದು ಬಂದಿದೆ. ಅದು ಪ್ರತಿವರ್ಷ ಕ್ಯಾನ್ಸರ್‌ನ ಅಂಕಿಅಂಶಗಳನ್ನು ಪ್ರಕಟಿಸುತ್ತದೆ. ಕ್ಯಾನ್ಸರ್ ಕುರಿತು ಬರೆಯುವವರು ಮೊದಲ ಸಾಲಿನಲ್ಲಿಯೇ ಅದನ್ನು ಉಲ್ಲೇಖಿಸುತ್ತಾರೆ. ಗಣಿತಜ್ಞರ ಪಾಲಿಗೆ ಶಿಖರದಂತಿರುವ ಆನಲ್ಸ್ ಆಫ್ ಮ್ಯಾಥಮ್ಯಾಟಿಕ್ಸ್ ಹತ್ತರ ಹತ್ತಿರವೂ ಬರುವುದಿಲ್ಲ. ಗಣಿತದ ಪ್ರಬಂಧವೊಂದನ್ನು ಓದಿ ಅರಗಿಸಿಕೊಂಡು ಅದರ ಮೇಲೆ ಏನನ್ನಾದರೂ ಕಟ್ಟಲು ಎರಡು ವರ್ಷ ಸಾಲದು ಎಂಬುದನ್ನು ಈ ಲೆಕ್ಕ ಗಮನಿಸುವುದಿಲ್ಲ.

ನಮ್ಮ ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2018ರ ನೇಮಕಾತಿ ನಿಯಮಾವಳಿಯ ಕೋಷ್ಟಕ ಇದನ್ನೇ ಅಂಕಗಳನ್ನಾಗಿ ಮಾಡಿತು. ವಿಜ್ಞಾನದ ಪ್ರಬಂಧಕ್ಕೆ 8, ಮಾನವಿಕ ಮತ್ತು ಸಮಾಜ ವಿಜ್ಞಾನಗಳಲ್ಲಿ 10 ಅಂಕ; ಅದರ ಮೇಲೆ ಇಂಪ್ಯಾಕ್ಟ್ ಫ್ಯಾಕ್ಟರ್ ಇಲ್ಲದ ಜರ್ನಲ್‌ಗೆ 5, ಒಂದಕ್ಕಿಂತ ಕಡಿಮೆಯಿದ್ದರೆ 10, ಹೀಗೆ ಏರುತ್ತ ಹೋಗಿ ಹತ್ತನ್ನು ದಾಟಿದರೆ 30. ಎಲ್ಲ ವಿಷಯಗಳಿಗೂ ಒಂದೇ ಏಣಿ. ಗಣಿತದ ಅತ್ಯುತ್ತಮ ಕೆಲಸ ನಡುವಿನ ಮೆಟ್ಟಿಲಲ್ಲಿ ನಿಲ್ಲುತ್ತದೆ. ವೈದ್ಯಕೀಯದ ಸಾಧಾರಣ ಪ್ರಬಂಧ ಅದರ ತಲೆಯ ಮೇಲೆ ಕುಳಿತುಕೊಳ್ಳಬಹುದು. ಲೇಖಕರ ನಡುವೆ ಅಂಕ ಹಂಚುವ ನಿಯಮವಂತೂ ಇನ್ನೂ ವಿಚಿತ್ರ. ಇಬ್ಬರಿದ್ದರೆ ತಲಾ ಶೇ 70. ಇಬ್ಬರಿಗಿಂತ ಹೆಚ್ಚಿದ್ದರೆ ಮುಖ್ಯ ಲೇಖಕರಿಗೆ ಶೇ 70, ಉಳಿದ ಪ್ರತಿಯೊಬ್ಬರಿಗೂ ಶೇ 30. ಒಬ್ಬರೇ ಬರೆದ ಪ್ರಬಂಧದಿಂದ ಹುಟ್ಟುವುದು ಶೇ 100; ಆರು ಜನ ಹೆಸರು ಹಾಕಿದರೆ ಒಟ್ಟು ಶೇ 220. ಹೆಸರು ಸೇರಿಸಿ ಎಂದು ನಿಯಮವೇ ಕೈ ಬೀಸಿ ಕರೆದ ಮೇಲೆ ಜನ ಸೇರಿಸಿದ್ದರಲ್ಲಿ ಆಶ್ಚರ್ಯವೇನು?

ಇಂಪ್ಯಾಕ್ಟ್ ಫ್ಯಾಕ್ಟರ್‌ಗೆ ಪರ್ಯಾಯವಾಗಿ, ಪ್ರಬಂಧಗಳನ್ನೂ ಅವುಗಳ ಉಲ್ಲೇಖಗಳನ್ನೂ ದಾಖಲಿಸುವ ಸ್ಕೋಪಸ್ ಎಂಬ ದತ್ತಸಂಚಯದಿಂದ ಬರುವ ಸೈಟ್‌ಸ್ಕೋರ್ ಇದೆ. 2016ರಲ್ಲಿ ಬಂದ ಇದು ಈಗ ನಾಲ್ಕು ವರ್ಷಗಳ ಅವಧಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಯಾರು ಬೇಕಾದರೂ ಹಣ ಕೊಡದೆ ನೋಡಬಹುದು. ಅವಧಿಯೂ ದತ್ತಸಂಚಯವೂ ಬೇರೆ ಆದ್ದರಿಂದ ಒಂದೇ ಜರ್ನಲ್‌ನ ಸೈಟ್‌ಸ್ಕೋರ್ ಸಾಮಾನ್ಯವಾಗಿ ಇಂಪ್ಯಾಕ್ಟ್ ಫ್ಯಾಕ್ಟರ್‌ಗಿಂತ ದೊಡ್ಡದಾಗಿ ಕಾಣುತ್ತದೆ. ಇದನ್ನು ಅದರ ಕಾಲಂನಲ್ಲಿ ಬರೆದ ಅರ್ಜಿಗಳು ಬರುತ್ತಲೇ ಇರುತ್ತವೆ. ಎಲ್ಲರೂ ಬೇಕೆಂದೇ ಹಾಗೆ ಬರೆಯುತ್ತಾರೆ ಎನ್ನಲಾರೆ. ಎಸ್‌ಜೆಆರ್ ಎಂಬುದು ಉಲ್ಲೇಖ ಯಾವ ಜರ್ನಲ್‌ನಿಂದ ಬಂತು ಎಂಬುದಕ್ಕೂ ತೂಕ ಕೊಡುತ್ತದೆ. ಸ್ನಿಪ್ ಎಂಬುದು ಆಯಾ ವಿಷಯದಲ್ಲಿ ಉಲ್ಲೇಖಿಸುವ ವಾಡಿಕೆ ಎಷ್ಟಿದೆ ಎಂದು ನೋಡಿ ಸರಿದೂಗಿಸುತ್ತದೆ. ಎರಡು ವಿಷಯಗಳ ಜರ್ನಲ್‌ಗಳನ್ನು ಹೋಲಿಸಲೇಬೇಕಾಗಿ ಬಂದರೆ ನಾನು ಸ್ನಿಪ್ ತೆಗೆದುಕೊಳ್ಳುತ್ತೇನೆ. 'ಕ್ಯೂ1 ಜರ್ನಲ್' (ತನ್ನ ವಿಷಯದ ಪಟ್ಟಿಯ ಮೇಲಿನ ಕಾಲುಭಾಗದಲ್ಲಿರುವುದು) ಎಂದು ಬರೆದವರನ್ನು ಮಾತ್ರ ಯಾರ ಕ್ಯೂ1, ಯಾವ ವಿಷಯ ವರ್ಗದಲ್ಲಿ ಎಂದು ಕೇಳಲೇಬೇಕು. ಕ್ಲಾರಿವೇಟ್‌ನ ಪಟ್ಟಿಯಲ್ಲಿ ಎರಡನೆಯ ಕಾಲುಭಾಗದಲ್ಲಿರುವ ಜರ್ನಲ್ ಎಸ್‌ಜೆಆರ್ ಆಧರಿಸಿದ ಸೈಮಾಗೋ ಪಟ್ಟಿಯಲ್ಲಿ ಮೊದಲನೆಯದರಲ್ಲಿ ಇರಬಹುದು.

ಯಾವ ಜರ್ನಲ್‌ಗೆ ಕಳುಹಿಸಬೇಕು ಎಂದು ಯೋಚಿಸುತ್ತಿರುವ ಸಂಶೋಧನಾ ವಿದ್ಯಾರ್ಥಿಗೆ ಈ ಸಂಖ್ಯೆಗಳಿಗಿಂತ ಮೊದಲು ಬೇಕಾದದ್ದು ಜರ್ನಲ್ ಅಸಲಿಯೋ ನಕಲಿಯೋ ಎಂಬ ಪರೀಕ್ಷೆ. ಯುಜಿಸಿ 2018ರ ಮೇ ತಿಂಗಳಲ್ಲಿ ತನ್ನದೇ ಅನುಮೋದಿತ ಪಟ್ಟಿಯಿಂದ 4,305 ಜರ್ನಲ್‌ಗಳನ್ನು ತೆಗೆದುಹಾಕಿತು. ಆಮೇಲೆ ಅದರ ಬದಲಿಗೆ ಬಂದ ಕೇರ್ ಎಂಬ ಪಟ್ಟಿಯನ್ನೂ ಕೈಬಿಟ್ಟಿರುವುದಾಗಿ 2025ರ ಫೆಬ್ರುವರಿಯಲ್ಲಿ ಪ್ರಕಟಿಸಿ, ಜರ್ನಲ್‌ನ ಗುಣಮಟ್ಟ ನೋಡಿಕೊಳ್ಳುವ ಹೊಣೆಯನ್ನು ಸಂಸ್ಥೆಗಳಿಗೇ ಬಿಟ್ಟಿತು. ಹೀಗಾಗಿ ಈಗ ನಾವೇ ನೋಡಿಕೊಳ್ಳಬೇಕು. ಕ್ಲಾರಿವೇಟ್‌ನ ಮಾಸ್ಟರ್ ಜರ್ನಲ್ ಲಿಸ್ಟ್ ಮತ್ತು ಸ್ಕೋಪಸ್‌ನ ಮೂಲಗಳ ಪುಟ ಎರಡೂ ಉಚಿತವಾಗಿ ಸಿಗುತ್ತವೆ. ಮುಕ್ತ ಪ್ರವೇಶದ (ಹಣ ಕೊಡದೆ ಓದಬಹುದಾದ) ಜರ್ನಲ್ ಆದರೆ ಅಂಥವುಗಳ ಪಟ್ಟಿಯಾದ ಡಿಒಎಜೆಯಲ್ಲಿ ಹುಡುಕಿ. ಹೆಸರಿನಿಂದ ಹುಡುಕುವುದಕ್ಕಿಂತ ಪ್ರತಿ ಜರ್ನಲ್‌ಗೂ ಇರುವ ಐಎಸ್ಎಸ್ಎನ್ ಎಂಬ ಗುರುತಿನ ಸಂಖ್ಯೆಯಿಂದ ಹುಡುಕಿ. ಹಳೆಯ ಗೌರವಾನ್ವಿತ ಜರ್ನಲ್‌ನ ಹೆಸರಿನಲ್ಲಿ ನಕಲಿ ಜಾಲತಾಣ ತೆರೆದು ಹಣ ಕೀಳುವವರಿದ್ದಾರೆ. ಜಾಲತಾಣದ ಮುಖಪುಟದಲ್ಲಿ ಇಂಪ್ಯಾಕ್ಟ್ ಫ್ಯಾಕ್ಟರ್ ಎಂದು ಹೊಳೆಯುವ ಸಂಖ್ಯೆ ಇದ್ದರೆ ಅದನ್ನು ಕೊಟ್ಟವರು ಯಾರೆಂದು ನೋಡಿ. ಕ್ಲಾರಿವೇಟ್ ಬಿಟ್ಟು ಬೇರೆ ಯಾರಾದರೂ ಆಗಿದ್ದರೆ ಆ ಪುಟವನ್ನು ಅಲ್ಲಿಗೇ ಮುಚ್ಚಿಬಿಡಬಹುದು. ಅಸಲಿ ಪಟ್ಟಿಯಲ್ಲಿರುವುದೂ ಶಾಶ್ವತವಲ್ಲ: 2023ರಲ್ಲಿ ಕ್ಲಾರಿವೇಟ್ ಒಂದೇ ಏಟಿಗೆ 50ಕ್ಕೂ ಹೆಚ್ಚು ಜರ್ನಲ್‌ಗಳನ್ನು ಹೊರಹಾಕಿತು.

ವ್ಯಕ್ತಿಯ ಅಳತೆಗಳು

ಹೋರ್ಹೆ ಹಿರ್ಶ್ ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ. 2005ರಲ್ಲಿ ಅವರು ಸೂಚಿಸಿದ ಎಚ್-ಇಂಡೆಕ್ಸ್ ಇಷ್ಟೊಂದು ಬೇಗ ಹಬ್ಬಿದ್ದಕ್ಕೆ ಕಾರಣ ಅದರ ಸರಳತೆ. ಕನಿಷ್ಠ 10 ಉಲ್ಲೇಖ ಪಡೆದ 10 ಪ್ರಬಂಧಗಳಿದ್ದರೆ ಎಚ್-ಇಂಡೆಕ್ಸ್ 10. ಹನ್ನೊಂದನೆಯದಕ್ಕೆ ಏರಲು 11 ಪ್ರಬಂಧಗಳಿಗೆ ತಲಾ 11 ಬೇಕು. ಒಂದೇ ಪ್ರಬಂಧದಿಂದ ಬಂದ ಸಾವಿರ ಉಲ್ಲೇಖಗಳೂ, ಯಾರೂ ಓದದ ನೂರು ಪ್ರಬಂಧಗಳೂ ಇದನ್ನು ಮೇಲೇರಿಸಲಾರವು. ಒಟ್ಟು ಪ್ರಬಂಧಗಳ ಸಂಖ್ಯೆಗಿಂತ, ಒಟ್ಟು ಉಲ್ಲೇಖಗಳ ಸಂಖ್ಯೆಗಿಂತ ಇದು ಮೇಲು ಎಂದು ಹೇಳುವುದಕ್ಕೆ ಇಷ್ಟು ಸಾಕು. ಅಮೆರಿಕದ ದೊಡ್ಡ ಸಂಶೋಧನಾ ವಿಶ್ವವಿದ್ಯಾಲಯಗಳ ಭೌತವಿಜ್ಞಾನಿಗಳಿಗೆ ಸಹ ಪ್ರಾಧ್ಯಾಪಕ ಹುದ್ದೆಗೆ ಸುಮಾರು 12, ಪ್ರಾಧ್ಯಾಪಕ ಹುದ್ದೆಗೆ ಸುಮಾರು 18 ಸಾಮಾನ್ಯವಾಗಿರಬಹುದೆಂದು ಹಿರ್ಶ್ ಅಂದಾಜಿಸಿದ್ದರು. ಆ ಅಂದಾಜು ಒಂದು ದೇಶದ, ಒಂದು ವಿಷಯದ್ದು ಎಂಬುದನ್ನು ಮರೆತು ಎಲ್ಲ ವಿಷಯಗಳಿಗೂ ಅದನ್ನು ಎಳೆದು ತಂದವರು ಆಮೇಲಿನವರು. ಈ ಅಳತೆಯಿಂದ ಕೆಟ್ಟ ಪರಿಣಾಮಗಳೂ ಆಗಬಹುದು ಎಂದು ಹಿರ್ಶ್ ಅವರೇ 2020ರಲ್ಲಿ ಬರೆದರು.

ಇದರ ಕೊರತೆಗಳಲ್ಲಿ ನನ್ನನ್ನು ಹೆಚ್ಚು ಕಾಡುವುದು ವಯಸ್ಸಿನದು. ಎಚ್-ಇಂಡೆಕ್ಸ್ ಎಂದೂ ಇಳಿಯುವುದಿಲ್ಲ. ಹತ್ತು ವರ್ಷಗಳಿಂದ ಏನನ್ನೂ ಬರೆಯದವರದ್ದೂ ಹಳೆಯ ಕೆಲಸದ ಬಲದಿಂದ ಏರುತ್ತಿರುತ್ತದೆ. ಮೂವತ್ತರ ಅಭ್ಯರ್ಥಿಯನ್ನೂ ನಲವತ್ತೈದರ ಅಭ್ಯರ್ಥಿಯನ್ನೂ ಒಂದೇ ಹಾಳೆಯಲ್ಲಿ ಇಟ್ಟರೆ ಗೆಲ್ಲುವುದು ಸೇವಾವಧಿ. ಹೆರಿಗೆ ರಜೆ, ಮಗುವಿನ ಪಾಲನೆ ಎಂದು ನಡುವೆ ಕೆಲವು ವರ್ಷ ಬಿಟ್ಟ ಮಹಿಳೆ ಇಬ್ಬರ ಹಿಂದೆಯೂ ಉಳಿಯುತ್ತಾರೆ. ಕಡಿಮೆ ಬರೆದು ದೊಡ್ಡದನ್ನು ಕೊಟ್ಟವರಿಗೂ ಇಲ್ಲಿ ಜಾಗವಿಲ್ಲ. ಭೌತವಿಜ್ಞಾನಿ ಪೀಟರ್ ಹಿಗ್ಸ್ 1964ರ ಪ್ರಸಿದ್ಧ ಕೆಲಸದ ನಂತರ ಹತ್ತಕ್ಕಿಂತ ಕಡಿಮೆ ಪ್ರಬಂಧಗಳನ್ನು ಬರೆದರು. 2013ರಲ್ಲಿ ನೊಬೆಲ್ ಪಡೆಯುವ ಹೊತ್ತಿಗೆ, ಇಂದಾಗಿದ್ದರೆ ತನಗೆ ಯಾರೂ ಕೆಲಸ ಕೊಡುತ್ತಿರಲಿಲ್ಲ ಎಂದು ಸಂದರ್ಶನವೊಂದರಲ್ಲಿ ಹೇಳಿಕೊಂಡರು.

ಇನ್ನು ಲೆಕ್ಕ ಎಲ್ಲಿಂದ ಬಂತು ಎಂಬ ಪ್ರಶ್ನೆ. ಒಬ್ಬರಿಗೆ ಒಂದೇ ದಿನ ಮೂರು ಎಚ್-ಇಂಡೆಕ್ಸ್ ಇರುತ್ತವೆ. ಗೂಗಲ್ ಸ್ಕಾಲರ್ ಪುಸ್ತಕ, ಪ್ರೌಢಪ್ರಬಂಧ, ಅಚ್ಚಾಗದ ಕರಡು ಎಲ್ಲವನ್ನೂ ಬಾಚಿಕೊಳ್ಳುವುದರಿಂದ ಸಾಮಾನ್ಯವಾಗಿ ಅದರದ್ದೇ ಅತಿ ದೊಡ್ಡದು. ಸ್ಕೋಪಸ್, ಕ್ಲಾರಿವೇಟ್‌ನ ದತ್ತಸಂಚಯವಾದ ವೆಬ್ ಆಫ್ ಸೈನ್ಸ್ ಆರಿಸಿದ ಪ್ರಕಟಣೆಗಳನ್ನಷ್ಟೇ ನೋಡುವುದರಿಂದ ಅವುಗಳ ಸಂಖ್ಯೆ ಚಿಕ್ಕದು. ಗೂಗಲ್ ಸ್ಕಾಲರ್‌ನ ಪುಟವನ್ನು ಆಯಾ ವ್ಯಕ್ತಿಯೇ ನೋಡಿಕೊಳ್ಳಬೇಕು. ಅದೇ ಹೆಸರಿನ ಬೇರೊಬ್ಬರ ಪ್ರಬಂಧಗಳು ಸೇರಿಕೊಂಡಿದ್ದರೂ ಕೇಳುವವರಿಲ್ಲ. ನಮ್ಮಲ್ಲಿ ಇನಿಷಿಯಲ್ ಮುಂದೆ ಬಂದು ಹೆಸರು ಹಿಂದೆ ಬರುವ ಪದ್ಧತಿಯಿಂದ ಸ್ಕೋಪಸ್ ಕೂಡ ಎಡವುತ್ತದೆ. ಒಬ್ಬರೇ ಮಂಜುನಾಥ ಮೂರು ಜನರಾಗಿ ಒಡೆದಿರುತ್ತಾರೆ, ಮೂವರು ಮಂಜುನಾಥರು ಒಬ್ಬರಾಗಿ ಬೆರೆತಿರುತ್ತಾರೆ. ಆದ್ದರಿಂದ ಈ ಸಂಖ್ಯೆ ಕೇಳಲೇಬೇಕೆಂದಿದ್ದರೆ ಎಲ್ಲ ಅಭ್ಯರ್ಥಿಗಳಿಗೂ ಒಂದೇ ಮೂಲದಿಂದ, ಒಂದೇ ದಿನ, ಅಭ್ಯರ್ಥಿಯಲ್ಲದ ಇನ್ನೊಬ್ಬರು ತೆಗೆಯಬೇಕು. ಪ್ರತಿ ಸಂಶೋಧಕರಿಗೂ ಪ್ರತ್ಯೇಕವಾಗಿರುವ ಆರ್ಕಿಡ್ (ORCID) ಗುರುತಿನ ಸಂಖ್ಯೆ ಕೇಳುವುದು ಇದಕ್ಕಾಗಿಯೇ.

ಐ10 ಎಂಬುದು ಹತ್ತು ಅಥವಾ ಹೆಚ್ಚು ಉಲ್ಲೇಖ ಪಡೆದ ಪ್ರಬಂಧಗಳ ಎಣಿಕೆ. ಗೂಗಲ್‌ನ ಹೊರಗೆ ಅದಕ್ಕೆ ಬೆಲೆಯಿಲ್ಲ, ಬಿಟ್ಟುಬಿಡಿ. ಜಿ-ಇಂಡೆಕ್ಸ್ ಹೆಚ್ಚು ಉಲ್ಲೇಖ ಪಡೆದ ಪ್ರಬಂಧಗಳಿಗೆ ಮನ್ನಣೆ ಕೊಡುತ್ತದೆ. ವಿಚಾರ ಒಳ್ಳೆಯದು, ಆದರೆ ನೇಮಕಾತಿಯ ಹಾಳೆಯಲ್ಲಿ ಅದನ್ನು ಕೇಳಿದವರನ್ನು ನಾನು ಕಂಡಿಲ್ಲ.

ಉಲ್ಲೇಖ ಎಂದರೆ ಮೆಚ್ಚುಗೆ ಎಂಬ ನಂಬಿಕೆ ಈ ಎಲ್ಲ ಅಳತೆಗಳ ತಳಪಾಯ. ಅದು ಅರ್ಧ ಮಾತ್ರ ನಿಜ. ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಕಲ್ಪಿಸಿ 1998ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಜರ್ನಲ್‌ನಲ್ಲಿ ಬಂದ, 2010ರಲ್ಲಿ ಹಿಂಪಡೆಯಲಾದ ಪ್ರಬಂಧಕ್ಕೆ ಸಾವಿರಾರು ಉಲ್ಲೇಖಗಳಿವೆ. ಹೆಚ್ಚಿನವು ಅದು ಏಕೆ ತಪ್ಪೆಂದು ಹೇಳಲು ಬಂದವು. ಎಲ್ಲ ಕಾಲಕ್ಕೂ ಹೆಚ್ಚು ಉಲ್ಲೇಖ ಪಡೆದ ಪ್ರಬಂಧ 1951ರಲ್ಲಿ ಲೌರಿ ಮತ್ತು ಸಂಗಡಿಗರು ಪ್ರೋಟೀನ್ ಅಳೆಯುವ ವಿಧಾನವನ್ನು ವಿವರಿಸಿ ಬರೆದದ್ದು: ಮೂರು ಲಕ್ಷಕ್ಕೂ ಹೆಚ್ಚು. ಉಪಯುಕ್ತ ಕೆಲಸ, ನಿಸ್ಸಂಶಯವಾಗಿ. ಆದರೆ ಜೀವವಿಜ್ಞಾನದ ಅತಿ ದೊಡ್ಡ ಅರಿವು ಅದೇ ಎಂದು ಯಾರೂ ವಾದಿಸುವುದಿಲ್ಲ. ಇನ್ನೊಂದು ತುದಿಯಲ್ಲಿ, 2015ರಲ್ಲಿ ಹಿಗ್ಸ್ ಕಣದ ರಾಶಿಯ ಬಗ್ಗೆ ಯುರೋಪಿನ ಕಣಭೌತ ಪ್ರಯೋಗಾಲಯ ಸರ್ನ್‌ನ ಎರಡು ತಂಡಗಳು ಸೇರಿ ಬರೆದ ಪ್ರಬಂಧಕ್ಕೆ 5,154 ಲೇಖಕರು. ಅದರ ಪ್ರತಿ ಉಲ್ಲೇಖವೂ ಅಷ್ಟೂ ಜನರ ಖಾತೆಗೆ ಪೂರ್ತಿಯಾಗಿ ಜಮೆಯಾಗುತ್ತದೆ.

ಸರಿಹೊಂದಿಸಿದ ಅಳತೆಗಳು ಮತ್ತು 'ಶೇ 2ರ ಪಟ್ಟಿ'

ಪ್ರತಿವರ್ಷ ಸೆಪ್ಟೆಂಬರ್ ಸುಮಾರಿಗೆ ನಮ್ಮ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಒಂದು ಸುದ್ದಿ ಬರುತ್ತದೆ: 'ವಿಶ್ವದ ಅಗ್ರ ಶೇ 2 ವಿಜ್ಞಾನಿಗಳ ಪಟ್ಟಿಯಲ್ಲಿ ನಮ್ಮ ಪ್ರಾಧ್ಯಾಪಕರು'. ಸ್ಟ್ಯಾನ್‌ಫರ್ಡ್ ಪಟ್ಟಿ ಎಂದು ಕರೆದರೂ ಇದು ಆ ವಿಶ್ವವಿದ್ಯಾಲಯ ಕೊಡುವ ಪ್ರಶಸ್ತಿಯಲ್ಲ. ಅಲ್ಲಿನ ಜಾನ್ ಯೋನಿಡಿಸ್ ಮತ್ತು ಸಂಗಡಿಗರು ಸ್ಕೋಪಸ್ ದತ್ತಾಂಶದಿಂದ ಮಾಡುವ ಲೆಕ್ಕ. ಆದರೂ ಎಚ್-ಇಂಡೆಕ್ಸ್‌ಗೆ ಹೋಲಿಸಿದರೆ ಇದರ ಹಿಂದಿರುವ ಸಿ-ಸ್ಕೋರ್ ನನಗೆ ಹೆಚ್ಚು ಒಪ್ಪಿಗೆ. ಅದು ಆರು ಸಂಖ್ಯೆಗಳ ಮಿಶ್ರಣ: ಒಟ್ಟು ಉಲ್ಲೇಖ, ಎಚ್-ಇಂಡೆಕ್ಸ್, ಸಹಲೇಖಕರ ಸಂಖ್ಯೆಗೆ ಸರಿಹೊಂದಿಸಿದ ಎಚ್-ಇಂಡೆಕ್ಸ್, ಒಬ್ಬರೇ ಬರೆದವು, ಒಬ್ಬರೇ ಅಥವಾ ಮೊದಲ ಲೇಖಕರಾಗಿ ಬರೆದವು, ಇವುಗಳ ಜೊತೆಗೆ ಕೊನೆಯ ಲೇಖಕರಾಗಿ ಬರೆದವುಗಳನ್ನೂ ಸೇರಿಸಿ ಎಣಿಸಿದ ಉಲ್ಲೇಖಗಳು. ಐದು ಸಾವಿರ ಜನರ ನಡುವೆ ಹೆಸರಿದ್ದ ಮಾತ್ರಕ್ಕೆ ಇಲ್ಲಿ ಹೆಚ್ಚು ಲಾಭವಿಲ್ಲ. ತನ್ನನ್ನು ತಾನೇ ಉಲ್ಲೇಖಿಸಿಕೊಂಡದ್ದನ್ನು ಬಿಟ್ಟು ಮಾಡಿದ ಲೆಕ್ಕವೂ ಪಕ್ಕದಲ್ಲಿರುತ್ತದೆ. ಇದರಲ್ಲಿ ಎರಡು ಪಟ್ಟಿಗಳಿವೆ, ಇಡೀ ವೃತ್ತಿಜೀವನದ್ದು ಒಂದು, ಒಂದೇ ವರ್ಷದ್ದು ಇನ್ನೊಂದು. ಸುದ್ದಿ ಓದುವಾಗ ಯಾವುದು ಎಂದು ನೋಡಿ. ಮೊದಲನೆಯದು ಎರಡನೆಯದಕ್ಕಿಂತ ಬಹಳ ಕಷ್ಟದ್ದು.

ವಿಭಾಗಗಳನ್ನು ಹೋಲಿಸಲು ಹೆಚ್ಚು ಯೋಗ್ಯವಾದದ್ದು ವಿಷಯಕ್ಕೆ ಸರಿಹೊಂದಿಸಿದ ಉಲ್ಲೇಖ ಪ್ರಮಾಣ. ಅದೇ ವಿಷಯದ, ಅದೇ ವರ್ಷದ, ಅದೇ ಬಗೆಯ ಪ್ರಬಂಧಗಳಿಗೆ ಜಗತ್ತಿನಲ್ಲಿ ಸರಾಸರಿ ಎಷ್ಟು ಉಲ್ಲೇಖ ಬಂದಿದೆಯೋ ಅದಕ್ಕೆ ಹೋಲಿಸಿ ಕೊಡುವ ಸಂಖ್ಯೆ ಇದು. 1 ಎಂದರೆ ಜಾಗತಿಕ ಸರಾಸರಿ, 1.5 ಎಂದರೆ ಅದಕ್ಕಿಂತ ಶೇ 50 ಹೆಚ್ಚು. ಗಣಿತ ವಿಭಾಗವನ್ನೂ ಜೀವರಸಾಯನ ವಿಭಾಗವನ್ನೂ ಪಕ್ಕಪಕ್ಕದಲ್ಲಿಟ್ಟು ಮಾತನಾಡಲು ಇದರಿಂದ ಸಾಧ್ಯವಾಗುತ್ತದೆ. ಆದರೆ ಇದೂ ಸರಾಸರಿಯೇ. ಹದಿನೈದು ಪ್ರಬಂಧ ಬರೆದ ಒಬ್ಬರ ಮೇಲೆ ಇದನ್ನು ಪ್ರಯೋಗಿಸಿದರೆ ಹೆಸರು ಮಾಡಿದ ಒಂದೇ ಪ್ರಬಂಧ ಎಲ್ಲವನ್ನೂ ಎತ್ತಿಬಿಡುತ್ತದೆ. ಹಾಗಾಗಿ ಚಿಕ್ಕ ಗುಂಪುಗಳಿಗೆ ಶೇಕಡಾವಾರು ಸ್ಥಾನವೇ ಮೇಲು: ಬರೆದವುಗಳಲ್ಲಿ ಎಷ್ಟು ತಮ್ಮ ವಿಷಯದ ಮೇಲಿನ ಶೇ 10ರೊಳಗೆ ಬರುತ್ತವೆ? ಒಂದು ಪ್ರಬಂಧ ಎಷ್ಟೇ ಎತ್ತರಕ್ಕೆ ಹೋದರೂ ಇಲ್ಲಿ ಅದು ಒಂದೇ.

ಸಂಸ್ಥೆಯ ಸಂಖ್ಯೆಯನ್ನು ಓದುವ ಬಗೆಗೆ ನಮ್ಮ ಬೆಂಗಳೂರಿನದೇ ಉದಾಹರಣೆ ಇದೆ. 2021ರ ಜೂನ್‌ನಲ್ಲಿ ಬಂದ, ಜಗತ್ತಿನ ವಿಶ್ವವಿದ್ಯಾಲಯಗಳ ಕ್ಯೂಎಸ್ ಶ್ರೇಯಾಂಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಬೋಧಕರೊಬ್ಬರಿಗೆ ಬರುವ ಉಲ್ಲೇಖಗಳ ಲೆಕ್ಕದಲ್ಲಿ ನೂರಕ್ಕೆ ನೂರು ಪಡೆಯಿತು. ವಿಶ್ವದ ಅಗ್ರ ಸಂಶೋಧನಾ ವಿಶ್ವವಿದ್ಯಾಲಯ ಎಂದು ಮುಖಪುಟದಲ್ಲಿ ಸುದ್ದಿ ಬಂತು. ಅದೇ ಪಟ್ಟಿಯಲ್ಲಿ ಸಂಸ್ಥೆಯ ಒಟ್ಟಾರೆ ಸ್ಥಾನ 186. ಎರಡೂ ನಿಜ. ಬೋಧಕರ ಸಂಖ್ಯೆ ಚಿಕ್ಕದಿದ್ದು ಬಹುತೇಕ ಎಲ್ಲರೂ ಸಂಶೋಧನೆಯಲ್ಲಿ ತೊಡಗಿರುವ ಸಂಸ್ಥೆಗೆ ಮೊದಲಿನ ಲೆಕ್ಕ ಒಲಿಯುತ್ತದೆ. ಸಾವಿರಾರು ಪದವಿ ವಿದ್ಯಾರ್ಥಿಗಳಿಗೆ ಪಾಠ ಹೇಳುವ ರಾಜ್ಯದ ವಿಶ್ವವಿದ್ಯಾಲಯವೊಂದನ್ನು ಅದೇ ಲೆಕ್ಕದಿಂದ ಬೈಯುವುದು ನ್ಯಾಯವಲ್ಲ.

ಟ್ವೀಟ್, ಸುದ್ದಿ, ಬ್ಲಾಗ್‌ಗಳನ್ನು ಎಣಿಸುವ ಆಲ್ಟ್‌ಮೆಟ್ರಿಕ್ಸ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಪ್ರಬಂಧ ಸದ್ದು ಮಾಡಿತೇ ಎಂದು ತಿಳಿಯಲು ಅದು ಸಾಕು, ನೇಮಕಾತಿಗೆ ಬೇಡ.

ಓದು

ಓದಿ ತೀರ್ಮಾನಿಸುವುದು ದುಬಾರಿ. ಬ್ರಿಟನ್ ತನ್ನ ವಿಶ್ವವಿದ್ಯಾಲಯಗಳ ಸಂಶೋಧನೆಯನ್ನು ಕೆಲವು ವರ್ಷಗಳಿಗೊಮ್ಮೆ ತಜ್ಞರ ಸಮಿತಿಗಳಿಂದ ಓದಿಸುತ್ತದೆ. 2014ರ ಸುತ್ತಿಗೆ ತಗುಲಿದ ಖರ್ಚು ಸುಮಾರು 24.6 ಕೋಟಿ ಪೌಂಡ್. ಆ ಸಮಿತಿಗಳಿಗೆ ಇಂಪ್ಯಾಕ್ಟ್ ಫ್ಯಾಕ್ಟರ್ ನೋಡಬಾರದೆಂಬ ಸೂಚನೆಯಿತ್ತು. ಜರ್ನಲ್‌ನ ಸಂಖ್ಯೆಯಿಂದ ವ್ಯಕ್ತಿಯನ್ನು ಅಳೆಯಬೇಡಿ ಎಂದು ಹೇಳುವ ಸ್ಯಾನ್ ಫ್ರಾನ್ಸಿಸ್ಕೋ ಘೋಷಣೆ, ಅಂದರೆ ಡೋರಾ, 2013ರಲ್ಲಿ ಪ್ರಕಟವಾಯಿತು. ಸಂಖ್ಯೆ ತಜ್ಞರ ತೀರ್ಪಿಗೆ ಆಧಾರವಾಗಿರಲಿ, ಅದರ ಬದಲಿಯಾಗದಿರಲಿ ಎಂದ ಲೈಡನ್ ಪ್ರಣಾಳಿಕೆ ಬಂದದ್ದು 2015ರಲ್ಲಿ. ನೆದರ್ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯ 2021ರಲ್ಲಿ ನೇಮಕಾತಿಯಿಂದ ಇಂಪ್ಯಾಕ್ಟ್ ಫ್ಯಾಕ್ಟರನ್ನು ಕೈಬಿಡುವುದಾಗಿ ಹೇಳಿತು.

ಇದನ್ನೆಲ್ಲ ಇಲ್ಲಿ ಹೇಳಿದರೆ ಬರುವ ಮೊದಲ ಆಕ್ಷೇಪ ನನಗೆ ಗೊತ್ತು, ಮತ್ತು ಅದು ಹಗುರವಾದದ್ದಲ್ಲ. ನಮ್ಮಲ್ಲಿ ಓದಿ ತೀರ್ಮಾನಿಸುತ್ತೇವೆ ಎಂದರೆ ನಮ್ಮವರನ್ನು ಆರಿಸುತ್ತೇವೆ ಎಂದು ಅರ್ಥವಾಗುವ ಅಪಾಯವಿದೆ. ಗುರು ಯಾರು, ಊರು ಯಾವುದು, ಜಾತಿ ಯಾವುದು ಎಂಬುದು 'ಗುಣಮಟ್ಟ' ಎಂಬ ಮಾತಿನೊಳಗೆ ಸುಲಭವಾಗಿ ಅಡಗಿಕೊಳ್ಳುತ್ತದೆ. ಬೆನ್ನಿಗೆ ಯಾರೂ ಇಲ್ಲದ ಅಭ್ಯರ್ಥಿಗೆ ಅಂಕಪಟ್ಟಿಯೇ ಇರುವ ಒಂದು ಆಸರೆ. ಕೋರ್ಟಿಗೆ ಹೋದರೆ ತೋರಿಸಲು ಕೈಯಲ್ಲೊಂದು ಕಾಗದ. ಸಂಖ್ಯೆಗಳನ್ನು ಪೂರ್ತಿ ಎಸೆಯಬೇಕೆಂದು ನಾನು ಹೇಳದಿರುವುದು ಇದಕ್ಕಾಗಿಯೇ.

ಮಾಡಬಹುದಾದದ್ದು ಇಷ್ಟು. ಇನ್ನೂರು ಅರ್ಜಿ ಬಂದಾಗ ಎಲ್ಲವನ್ನೂ ಓದಲಾಗದು. ಮೊದಲ ಸುತ್ತಿನಲ್ಲಿ ಸಂಖ್ಯೆಗಳಿಗೆ ಒಂದು ಕನಿಷ್ಠ ಮಟ್ಟ ಇಡಿ. ಅದನ್ನು ದಾಟಿದವರೆಲ್ಲ ಸಮಾನರು. 14ರ ಎಚ್-ಇಂಡೆಕ್ಸ್ 11ಕ್ಕಿಂತ ಮೇಲು ಎಂಬ ಶ್ರೇಣಿ ಬೇಡ. ಉಳಿದವರಿಂದ ಅವರೇ ಆರಿಸಿದ ಮೂರು ಕೆಲಸಗಳನ್ನು ಪೂರ್ಣಪಾಠದೊಂದಿಗೆ ತರಿಸಿಕೊಳ್ಳಿ. ಪ್ರತಿಯೊಂದಕ್ಕೂ ಅರ್ಧ ಪುಟ ಬರೆಯಲಿ. ಪ್ರಶ್ನೆ ಏನಾಗಿತ್ತು, ಏನು ಸಿಕ್ಕಿತು, ಸಹಲೇಖಕರಿದ್ದರೆ ತನ್ನ ಪಾಲು ಯಾವುದು, ಆಮೇಲೆ ಅದರಿಂದ ಏನಾಯಿತು? ಆ ವಿಷಯ ಬಲ್ಲ, ವಿಶ್ವವಿದ್ಯಾಲಯದ ಹೊರಗಿನ ಇಬ್ಬರು ಓದಿ ತಮ್ಮ ಅಭಿಪ್ರಾಯವನ್ನು ಸಭೆಗೆ ಮೊದಲೇ ಬರೆದು ಕಳುಹಿಸಲಿ, ಅದು ಕಡತದಲ್ಲಿರಲಿ. ಸಂಖ್ಯೆಗಳ ಹಾಳೆಯನ್ನು ಇದಾದ ಮೇಲೆ ತೆರೆಯಿರಿ. ಮೊದಲೇ ಕಂಡ ಸಂಖ್ಯೆ ಓದುವವರ ಕಣ್ಣನ್ನು ಕೆಡಿಸುತ್ತದೆ. ಓದಿದವರ ಮಾತಿಗೂ ಹಾಳೆಯ ಸಂಖ್ಯೆಗೂ ತಾಳೆಯಾಗದಿದ್ದಾಗ ಕಾರಣ ಕೇಳಬೇಕು. ಸಂಖ್ಯೆ ದೊಡ್ಡದಿದ್ದು ಓದಿದವರು ಮೆಚ್ಚದಿದ್ದರೆ ಸಹಲೇಖಕರ ಪಟ್ಟಿಯನ್ನೂ ಸ್ವ-ಉಲ್ಲೇಖವನ್ನೂ ನೋಡಿ. ಸಂಖ್ಯೆ ಚಿಕ್ಕದಿದ್ದು ಓದಿದವರು ಹೊಗಳಿದ್ದರೆ ವಿಷಯ ಹೊಸದೇ, ಭಾಷೆ ಬೇರೆಯೇ, ಅಥವಾ ಹೊಗಳಿದವರು ಅಭ್ಯರ್ಥಿಯ ಮಾರ್ಗದರ್ಶಕರ ಸ್ನೇಹಿತರೇ ಎಂದು ನೋಡಿ. ನನ್ನ ಅನುಭವದಲ್ಲಿ ಸಂಖ್ಯೆಗಳು ನಿಜಕ್ಕೂ ಕೆಲಸಕ್ಕೆ ಬರುವುದು ಈ ಹಂತದಲ್ಲಿ.

ಜರ್ನಲ್ ಹೊಸದು, ಹೆಸರಿಲ್ಲದ್ದು ಎಂದು ಪ್ರಬಂಧವನ್ನು ಬದಿಗಿಡುವವರು 1928ನ್ನು ನೆನೆಯಬಹುದು. ಆ ವರ್ಷದ ಮಾರ್ಚ್ 16ರಂದು ಸಿ. ವಿ. ರಾಮನ್ ಬೆಂಗಳೂರಿನಲ್ಲಿ ತಮ್ಮ ಹೊಸ ವಿಕಿರಣದ (ಇಂದು ನಾವು ರಾಮನ್ ಪರಿಣಾಮ ಎನ್ನುವುದು) ಬಗ್ಗೆ ಉಪನ್ಯಾಸ ಕೊಟ್ಟರು. ಅದು ಅಚ್ಚಾದದ್ದು ಅವರೇ 1926ರಲ್ಲಿ ಆರಂಭಿಸಿದ್ದ ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್‌ನಲ್ಲಿ. ನೇಚರ್‌ಗೂ ಚಿಕ್ಕ ಟಿಪ್ಪಣಿ ಹೋಗಿತ್ತು, ನಿಜ; ಆದರೆ ವಿವರವಾದ ಬರಹ ಬಂದದ್ದು ಇಂದಿನ ಲೆಕ್ಕದಲ್ಲಿ ಇಂಪ್ಯಾಕ್ಟ್ ಫ್ಯಾಕ್ಟರ್ ಪಡೆಯುವಷ್ಟೂ ವಯಸ್ಸಾಗದಿದ್ದ ಜರ್ನಲ್‌ನಲ್ಲಿ. ಅದರ ಪ್ರತಿಗಳನ್ನು ರಾಮನ್ ಹೊರದೇಶದ ವಿಜ್ಞಾನಿಗಳಿಗೆ ಕಳುಹಿಸಿಕೊಟ್ಟರು.

ಕನ್ನಡದಲ್ಲಿ ಬರೆಯುವವರಿಗೆ

ಕನ್ನಡ ವಿಭಾಗದ ಅಭ್ಯರ್ಥಿಯಿಂದ ಸ್ಕೋಪಸ್ ಎಚ್-ಇಂಡೆಕ್ಸ್ ಕೇಳುವ ನಮೂನೆಗಳು ಇಂದಿಗೂ ಬರುತ್ತಿವೆ. ಸೊನ್ನೆ ಎಂದು ಬರೆಯುವುದು ಬಿಟ್ಟು ಅವರಿಗೆ ಬೇರೆ ದಾರಿಯಿಲ್ಲ, ಏಕೆಂದರೆ ಅವರು ಬರೆಯುವ ಜಾಗಗಳು ಆ ದತ್ತಸಂಚಯದಲ್ಲಿ ಇಲ್ಲ. ಗೂಗಲ್ ಸ್ಕಾಲರ್ ವಿಶಾಲವಾದದ್ದು ಎಂದರೂ ಇಲ್ಲಿ ಸೋಲುತ್ತದೆ, ಅದಕ್ಕೆ ಒಂದು ತಾಂತ್ರಿಕ ಕಾರಣವೂ ಇದೆ. ನಮ್ಮ ಅನೇಕ ಸಂಶೋಧನಾ ಪತ್ರಿಕೆಗಳೂ ಪ್ರೌಢಪ್ರಬಂಧಗಳೂ ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಅಚ್ಚಾದವು, ಇಲ್ಲವೇ ಚಿತ್ರಗಳಾಗಿ ಸ್ಕ್ಯಾನ್ ಆದವು. ಕಣ್ಣಿಗೆ ಕನ್ನಡವಾಗಿ ಕಂಡರೂ ಪಿಡಿಎಫ್‌ನೊಳಗೆ ಯುನಿಕೋಡ್ ಅಕ್ಷರಗಳಿಲ್ಲ. ಹುಡುಕುವ ಯಂತ್ರಕ್ಕೆ ಅದರಲ್ಲಿನ ಅಡಿಟಿಪ್ಪಣಿ ಓದಲು ಬಾರದು, ಆದ್ದರಿಂದ ಉಲ್ಲೇಖ ಇದ್ದರೂ ಎಣಿಕೆಗೆ ಸಿಗುವುದಿಲ್ಲ.

ಕಾಲದ ಅಳತೆಯೂ ಇಲ್ಲಿ ಬೇರೆ. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಮೊದಲ ಸಂಪುಟ ಬಂದದ್ದು 1886ರಲ್ಲಿ. ಕರ್ನಾಟಕದ ಶಾಸನಗಳ ಮೇಲೆ ಇಂದು ಕೆಲಸ ಮಾಡುವವರೂ ಆ ಸಂಪುಟಗಳನ್ನೂ ಅವುಗಳ ಪರಿಷ್ಕೃತ ಆವೃತ್ತಿಗಳನ್ನೂ ಉಲ್ಲೇಖಿಸದೆ ಮುಂದೆ ಹೋಗಲಾರರು. ಎರಡು ವರ್ಷದ ಕಿಟಕಿಯಿಂದ ಇಂಥ ಕೆಲಸದ ಯಾವ ಭಾಗವೂ ಕಾಣುವುದಿಲ್ಲ. ಗ್ರಂಥ ಸಂಪಾದನೆ, ನಿಘಂಟು, ಕ್ಷೇತ್ರಕಾರ್ಯದಿಂದ ಸಂಗ್ರಹಿಸಿದ ಮೌಖಿಕ ಕಾವ್ಯ ಇವೆಲ್ಲವೂ ಹೀಗೆಯೇ. ಯುಜಿಸಿ ಕೋಷ್ಟಕದಲ್ಲಿ ಅಂತರರಾಷ್ಟ್ರೀಯ ಪ್ರಕಾಶಕರ ಪುಸ್ತಕಕ್ಕೆ 12, ರಾಷ್ಟ್ರೀಯ ಪ್ರಕಾಶಕರದಕ್ಕೆ 10, ಅನುವಾದಿಸಿದ ಪುಸ್ತಕಕ್ಕೆ 8 ಅಂಕ. ಹತ್ತು ವರ್ಷ ಹಸ್ತಪ್ರತಿಗಳನ್ನು ಹೋಲಿಸಿ ಸಂಪಾದಿಸಿದ ಕಾವ್ಯಕ್ಕೂ, ತರಗತಿಯ ಟಿಪ್ಪಣಿಗಳನ್ನು ಜೋಡಿಸಿ ಹೊರತಂದ ಪುಸ್ತಕಕ್ಕೂ ಅಲ್ಲಿ ಭೇದವಿಲ್ಲ.

ಇಂಥ ವಿಭಾಗಗಳ ನಮೂನೆಯಿಂದ ಸ್ಕೋಪಸ್, ಎಚ್-ಇಂಡೆಕ್ಸ್, ಇಂಪ್ಯಾಕ್ಟ್ ಫ್ಯಾಕ್ಟರ್ ಕಾಲಂಗಳನ್ನು ಪೂರ್ತಿ ತೆಗೆದುಹಾಕಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅವುಗಳ ಬದಲು ಬೇರೆ ಪ್ರಶ್ನೆಗಳಿವೆ. ಪುಸ್ತಕ ಮರುಮುದ್ರಣವಾಗಿದೆಯೇ? ಅಭ್ಯರ್ಥಿಯದ್ದಲ್ಲದ ಬೇರೆ ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲಿ ಅಥವಾ ಪರಾಮರ್ಶನ ಪಟ್ಟಿಯಲ್ಲಿ ಇದೆಯೇ? ನಂತರ ಬಂದ ಪಿಎಚ್‌ಡಿ ಪ್ರಬಂಧಗಳು ಅದನ್ನು ಒಪ್ಪಿಯೋ ವಿರೋಧಿಸಿಯೋ ಚರ್ಚಿಸಿವೆಯೇ? ಇದನ್ನು ಭಾರತದ ಪಿಎಚ್‌ಡಿ ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾದಲ್ಲಿ ನೋಡಬಹುದು. ಯಂತ್ರ ಹುಡುಕಿಕೊಡುವುದಿಲ್ಲವಾದ್ದರಿಂದ ವಿಷಯಕ್ಕೆ ಸಂಬಂಧಪಟ್ಟ ನಾಲ್ಕಾರು ಪ್ರಬಂಧಗಳನ್ನು ತೆರೆದು ಕೊನೆಯ ಗ್ರಂಥಋಣ ಪುಟಗಳನ್ನು ಕಣ್ಣಿನಿಂದಲೇ ನೋಡಬೇಕು. ಯಾವ ಗ್ರಂಥಪಾಲಕರನ್ನು ಕೇಳಿದರೂ ಒಂದು ಮಧ್ಯಾಹ್ನದಲ್ಲಿ ಮಾಡಿಕೊಡುತ್ತಾರೆ. ಇದರ ಜೊತೆಗೆ ಪುಸ್ತಕದ ಪ್ರತಿಗಳನ್ನು ಅರ್ಜಿಯೊಂದಿಗೇ ತರಿಸಿಕೊಂಡು, ಸಂದರ್ಶನಕ್ಕೆ ಒಂದು ತಿಂಗಳ ಮೊದಲು ಸಮಿತಿಯ ಸದಸ್ಯರ ಮನೆಗೆ ಕಳುಹಿಸಿಕೊಡಬೇಕು.